ಟೂಲ್ ರೂಮಿನ ಗಣಿತ



ಶಾಲೆಗಳೂ ಉದ್ಯಮಗಳೂ ಜೊತೆಗೂಡಿ ವಿಜ್ಞಾನ, ತಂತ್ರಜ್ಞಾನ, ಗಣಿತಗಳ ಕಲಿಕೆಯನ್ನು ಗಟ್ಟಿಗೊಳಿಸುವ ಬಗೆ ಹೇಗೆ, ಮಕ್ಕಳನ್ನು ದುಡಿಮೆಗೆ ಅಣಿಗೊಳಿಸುವ ಬಗೆ ಹೇಗೆ ಎಂಬ ವಿಷಯವನ್ನು ಈ ದತ್ತಿ ಉಪನ್ಯಾಸದ ಸಮಿತಿ ನನಗೆ ಕೊಟ್ಟಿದೆ. ಈ ವಿಚಾರದಲ್ಲಿ ನಮ್ಮಲ್ಲಿ ಒಡಂಬಡಿಕೆಗಳಿಗೆ ಕೊರತೆಯಿಲ್ಲ. ಕಂಪನಿಗಳು ಶಾಲೆಗೆ ಕಂಪ್ಯೂಟರ್ ಕೊಡುತ್ತವೆ, ಪ್ರಯೋಗಾಲಯ ಕಟ್ಟಿಸುತ್ತವೆ, ಗೋಡೆಗೆ ಬಣ್ಣ ಹೊಡೆಸುತ್ತವೆ. ಅವನ್ನೆಲ್ಲ ಗೌರವದಿಂದಲೇ ನೆನೆಯುತ್ತೇನೆ. ಆದರೆ ಇಷ್ಟು ವರ್ಷ ತರಗತಿಗಳನ್ನೂ ವರ್ಕ್‌ಶಾಪ್‌ಗಳನ್ನೂ ನೋಡಿದ ಮೇಲೆ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಕಾರ್ಖಾನೆ ಶಾಲೆಗೆ ಕೊಡಬಹುದಾದ ಅತಿ ಬೆಲೆಯುಳ್ಳ ವಸ್ತು ಅದರ ನುರಿತ ಕೆಲಸಗಾರರ ಸಮಯ. ಅದನ್ನು ಕೊಟ್ಟ ಕಡೆ ಸಹಯೋಗ ದಶಕಗಟ್ಟಲೆ ಉಳಿದಿದೆ. ಅದನ್ನು ಕೊಡದೆ ಉಳಿದದ್ದೆಲ್ಲವನ್ನೂ ಕೊಟ್ಟ ಕಡೆ ಬೀಗ ಹಾಕಿದ ಕೋಣೆಗಳು ಉಳಿದಿವೆ.

ಮಾತು ಮುಂದುವರಿಸುವ ಮೊದಲು ಒಂದು ಉಪಕರಣದ ಬಗ್ಗೆ ಹೇಳಬೇಕು.

ಹತ್ತನೆಯ ತರಗತಿಯ ಗಣಿತದಲ್ಲಿ ತ್ರಿಕೋನಮಿತಿ ಬರುತ್ತದೆ. ಸೈನ್ 30 ಡಿಗ್ರಿ ಎಂದರೆ ಅರ್ಧ, ಸೈನ್ 90 ಎಂದರೆ ಒಂದು ಎಂದು ಮಕ್ಕಳು ಕೋಷ್ಟಕ ಬಾಯಿಪಾಠ ಮಾಡುತ್ತಾರೆ. ಗೋಪುರದ ಎತ್ತರ, ಕಂಬದ ನೆರಳು, ದೀಪಸ್ತಂಭದಿಂದ ಕಾಣುವ ಹಡಗು ಎಂದು ಲೆಕ್ಕಗಳು ಸಾಗುತ್ತವೆ. ‘ಇದರಿಂದ ಮುಂದೆ ಏನು ಉಪಯೋಗ ಸಾರ್’ ಎಂದು ಯಾರಾದರೂ ಕೇಳಿದರೆ, ಎಂಜಿನಿಯರ್ ಆಗುವವರಿಗೆ ಬೇಕಾಗುತ್ತದೆ ಎಂದು ಹೇಳಿ ನಾವು ಮುಂದಿನ ಲೆಕ್ಕಕ್ಕೆ ಹೋಗುತ್ತೇವೆ. ಆ ಉತ್ತರ ಕೇಳಿದ ಮಗು ತಾನು ಎಂಜಿನಿಯರ್ ಆಗುವವನಲ್ಲ ಎಂದು ಅಂದುಕೊಂಡಿದ್ದರೆ, ತ್ರಿಕೋನಮಿತಿ ಅಲ್ಲಿಗೇ ಮುಗಿಯಿತು.

ಕಾರ್ಖಾನೆಯ ಟೂಲ್ ರೂಮಿನಲ್ಲಿ, ಅಂದರೆ ಅಚ್ಚು, ಉಪಕರಣಗಳನ್ನು ತಯಾರಿಸುವ ಕೋಣೆಯಲ್ಲಿ, ಸೈನ್ ಬಾರ್ ಎಂಬ ಸಾಧನವಿದೆ. ಉಕ್ಕಿನ ಒಂದು ಪಟ್ಟಿ, ಅದರ ಎರಡು ತುದಿಗಳಲ್ಲಿ ಒಂದೇ ವ್ಯಾಸದ ಎರಡು ಉರುಳೆಗಳು. ನಾನು ಹೇಳುವ ಬಾರಿನಲ್ಲಿ ಉರುಳೆಗಳ ಕೇಂದ್ರಗಳ ನಡುವಿನ ದೂರ ನಿಖರವಾಗಿ 100 ಮಿಲಿಮೀಟರ್. ಒಂದು ಉರುಳೆಯನ್ನು ಸರ್ಫೇಸ್ ಪ್ಲೇಟಿನ, ಅಂದರೆ ನಿಖರವಾಗಿ ಸಮತಟ್ಟಾದ ಹಲಗೆಯ, ಮೇಲಿಟ್ಟು ಇನ್ನೊಂದನ್ನು ಎತ್ತಿ ನಿಲ್ಲಿಸಿದರೆ ಪಟ್ಟಿ ಓರೆಯಾಗುತ್ತದೆ. ಎತ್ತರವನ್ನು ನೂರರಿಂದ ಭಾಗಿಸಿದರೆ ಬರುವುದೇ ಆ ಓರೆಯ ಸೈನ್. 30 ಡಿಗ್ರಿ ಬೇಕೆಂದರೆ 50 ಮಿಲಿಮೀಟರ್ ಎತ್ತರ. ಹತ್ತನೆಯ ತರಗತಿಯ ಪುಸ್ತಕದಲ್ಲಿರುವುದೂ ಇದೇ, ಒಂದು ಅಕ್ಷರವೂ ಹೆಚ್ಚಿಲ್ಲ.

ಒಂದು ತರಬೇತಿ ಕೇಂದ್ರದ ಅಳತೆ ಕೋಣೆಯಲ್ಲಿ ಎರಡನೆಯ ವರ್ಷದ ಹುಡುಗಿಯೊಬ್ಬಳು 25 ಡಿಗ್ರಿ ಕೋನವನ್ನು ಕಟ್ಟುವುದನ್ನು ನಿಂತು ನೋಡಿದ್ದೇನೆ. ಸೈನ್ 25 ಅಂದರೆ 0.42262. ನೂರರಿಂದ ಗುಣಿಸಿದರೆ 42.262 ಮಿಲಿಮೀಟರ್. ಅಷ್ಟು ಎತ್ತರವನ್ನು ಕಟ್ಟುವುದು ಸ್ಲಿಪ್ ಗೇಜ್‌ಗಳಿಂದ, ಅಂದರೆ ಕನ್ನಡಿಯಂತೆ ನುಣುಪಾಗಿಸಿದ ಉಕ್ಕಿನ ತುಂಡುಗಳಿಂದ. ಅವಳು ಕೊನೆಯ ಅಂಕಿಯಿಂದ ಶುರುಮಾಡಿದಳು. ಮೊದಲು 1.002ರ ತುಂಡು, ಅದರಿಂದ ಸಾವಿರಾಂಶದ ಸ್ಥಾನ ತೀರಿತು. ಆಮೇಲೆ 1.26. ಉಳಿದದ್ದು ಸರಿಯಾಗಿ 40. ಮೂರು ತುಂಡುಗಳನ್ನು ಒಂದರ ಮೇಲೊಂದು ಜಾರಿಸಿ ತಿರುಚಿ ಒತ್ತಿದಾಗ ಅಂಟಿಲ್ಲದೆಯೇ ಅವು ಅಂಟಿಕೊಂಡವು. ದಶಮಾಂಶ, ಸ್ಥಾನಬೆಲೆ, ಸೈನ್, ಅಣುಗಳ ಸೆಳೆತ ಎಲ್ಲವೂ ಒಟ್ಟಿಗೆ ಅವಳ ಬೆರಳ ತುದಿಯಲ್ಲಿದ್ದವು. ‘ಶಾಲೆಯಲ್ಲಿ ಇದನ್ನು ತೋರಿಸಿದ್ದರೆ ಗಣಿತಕ್ಕೆ ಅಷ್ಟು ಹೆದರುತ್ತಿರಲಿಲ್ಲ’ ಎಂದಳು. ಅವಳು ಓದಿದ್ದು ಹಳ್ಳಿಯ ಕನ್ನಡ ಮಾಧ್ಯಮದ ಶಾಲೆಯಲ್ಲಿ.

ಆ ತುಂಡುಗಳನ್ನು ಜಗತ್ತಿಗೆ ಕೊಟ್ಟವನು ಸ್ವೀಡನ್ನಿನ ಕಾರ್ಲ್ ಎಡ್ವರ್ಡ್ ಯೋಹಾನ್ಸನ್. ಬಂದೂಕು ಕಾರ್ಖಾನೆಯಲ್ಲಿ ಅಳತೆಗಳನ್ನು ಪರೀಕ್ಷಿಸುತ್ತಿದ್ದವನು. ನೂರಾರು ಅಳತೆಗಳಿಗೆ ನೂರಾರು ಗೇಜ್ ಮಾಡುವ ಬದಲು ಕೆಲವೇ ತುಂಡುಗಳನ್ನು ಕೂಡಿಸಿ ಎಲ್ಲ ಅಳತೆಯನ್ನೂ ಪಡೆಯಬಹುದೆಂದು 1896ರ ಸುಮಾರಿಗೆ ಲೆಕ್ಕ ಹಾಕಿದ. ಕೆಲಸದ ಜಾಗದಲ್ಲಿ ಹುಟ್ಟಿದ ಗಣಿತ ಅದು.

ಇನ್ನೊಂದು ಉದಾಹರಣೆ. 25 ಮಿಲಿಮೀಟರ್ ರಂಧ್ರಕ್ಕೆ ನಕ್ಷೆಯಲ್ಲಿ ಎಚ್7 ಎಂದು ಬರೆದಿದ್ದರೆ ಆ ರಂಧ್ರ 25.000ಕ್ಕಿಂತ ಕಡಿಮೆಯಿರಬಾರದು, 25.021ಕ್ಕಿಂತ ಹೆಚ್ಚಿರಬಾರದು. ಇಡೀ ಅವಕಾಶ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಇಪ್ಪತ್ತೊಂದು ಪಾಲು. ಇಷ್ಟು ಸೂಕ್ಷ್ಮದಲ್ಲಿ ಬಿಸಿಯೂ ಲೆಕ್ಕಕ್ಕೆ ಬರುತ್ತದೆ. ಉಕ್ಕಿನ ಅಳತೆಗೆ ಜಗತ್ತು ಒಪ್ಪಿಕೊಂಡಿರುವ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್. ರಾಯಚೂರಿನ ಏಪ್ರಿಲ್‌ನಲ್ಲಿ, 40 ಡಿಗ್ರಿಯಲ್ಲಿ, 100 ಮಿಲಿಮೀಟರ್ ಉಕ್ಕಿನ ತುಂಡು ಸುಮಾರು 0.023 ಮಿಲಿಮೀಟರ್ ಉದ್ದವಾಗಿರುತ್ತದೆ. ಅಳತೆ ಕೋಣೆಗೆ ಹವಾನಿಯಂತ್ರಣ ಯಾಕೆಂದು ಇಷ್ಟರಲ್ಲೇ ತಿಳಿಯುತ್ತದೆ. ಕಾಯಿಸಿದರೆ ಲೋಹ ಹಿಗ್ಗುತ್ತದೆ ಎಂಬ ಪಾಠಕ್ಕೆ ನಾವು ಕೊಡುವ ಉದಾಹರಣೆ ರೈಲು ಹಳಿಗಳ ನಡುವಿನ ಸಂದು. ಈಗ ಬಹುತೇಕ ಹಳಿಗಳನ್ನು ಬೆಸೆದೇ ಹಾಕುತ್ತಾರೆ, ಮಕ್ಕಳಿಗೆ ಆ ಸಂದು ಕಾಣಸಿಗುವುದೂ ಅಪರೂಪ.

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಸೈನ್ ಬಾರ್ ಇಟ್ಟುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಪೀಣ್ಯದ ಸುತ್ತಲಿನ ಪ್ರೌಢಶಾಲೆಗಳಲ್ಲಿ ಸೈನ್ ಕಲಿಸುವವರೂ ಇದ್ದಾರೆ. ನಡುವಿನ ದೂರ ಎರಡು ಬಸ್ ಸ್ಟಾಪು. ಆ ಇಬ್ಬರು ಒಬ್ಬರನ್ನೊಬ್ಬರು ಭೇಟಿಯಾಗುವುದೇ ಇಲ್ಲ. ಸಹಯೋಗದ ಬಗೆಗಿನ ನನ್ನ ಚಿಂತೆಯೆಲ್ಲ ಇಲ್ಲಿದೆ.

ಈ ಇಬ್ಬರನ್ನು ಕೂಡಿಸಬೇಕೆಂಬ ಆಲೋಚನೆ ನಮ್ಮ ನೆಲಕ್ಕೆ ಹೊಸದಲ್ಲ. ಜಮ್‌ಶೆಟ್‌ಜಿ ಟಾಟಾ ಅವರ ಹಣ, ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಭೂಮಿ ಸೇರಿ 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. ಉದ್ಯಮಿ, ಸರ್ಕಾರ, ವಿದ್ಯೆ ಮೂರೂ ಕೂಡಿದ ಮೊದಲ ದೊಡ್ಡ ಪ್ರಸಂಗ ಅದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಇವೆರಡನ್ನೂ ಎಲ್ಲರೂ ಹೇಳುತ್ತಾರೆ. ನನಗೆ ಇವೆರಡಕ್ಕಿಂತ ಹತ್ತಿರವಾದದ್ದು 1943ರ ಸಂಗತಿ. ಆಗ ವಿಶ್ವೇಶ್ವರಯ್ಯನವರಿಗೆ ಎಂಬತ್ತು ದಾಟಿತ್ತು. ಭದ್ರಾವತಿ ಕಬ್ಬಿಣದ ಕಾರ್ಖಾನೆಯನ್ನು ಮೇಲೆತ್ತಿದ ಕೆಲಸಕ್ಕಾಗಿ ತಮಗೆ ಸಲ್ಲಬೇಕಿದ್ದ ಹಣವನ್ನು ಕೈಯಿಂದ ಮುಟ್ಟದೆ, ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ಬಳಸಬೇಕೆಂದು ಅವರು ಕೇಳಿಕೊಂಡರು. ಹಾಗೆ ಎದ್ದು ನಿಂತದ್ದು ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಶನಲ್ ಇನ್‌ಸ್ಟಿಟ್ಯೂಟ್, ಇಂದಿನ ಎಸ್‌ಜೆ ಪಾಲಿಟೆಕ್ನಿಕ್. ಎಂಜಿನಿಯರಿಗೂ ಕೂಲಿಕಾರನಿಗೂ ನಡುವೆ ಒಬ್ಬ ನುರಿತ ಮನುಷ್ಯ ಬೇಕು, ಅವನಿಲ್ಲದೆ ಕಾರ್ಖಾನೆ ನಡೆಯದು ಎಂಬುದನ್ನು ಭದ್ರಾವತಿಯ ಕುಲುಮೆಯ ಪಕ್ಕ ನಿಂತು ತಿಳಿದವರು ಮಾಡಿದ ಕೆಲಸ ಅದು.

ಆ ದಶಕದ ಆರಂಭದಿಂದಲೇ ಬೆಂಗಳೂರಿಗೆ ಕಾರ್ಖಾನೆಗಳು ಸಾಲುಗಟ್ಟಿ ಬಂದವು. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಜಾಲಹಳ್ಳಿಯ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಆಡುಗೋಡಿಯಲ್ಲಿ ಮೈಕೊ. ಈ ಕಾರ್ಖಾನೆಗಳಿಗೆ ಬೇಕಾದ ಟರ್ನರ್, ಫಿಟ್ಟರ್, ಗ್ರೈಂಡರ್‌ಗಳು ಊರಿನಲ್ಲಿ ಸಿದ್ಧವಾಗಿ ಸಿಗುತ್ತಿರಲಿಲ್ಲ. ಹಾಗಾಗಿ ಅವೇ ಶಾಲೆಗಳಾದವು. ಬೆಂಗಳೂರಿನ ಎಷ್ಟೋ ಮನೆಗಳ ಕಥೆ ಅಪ್ರೆಂಟಿಸ್ ಆಗಿ ಸೇರಿದ ಒಬ್ಬ ಹುಡುಗನ ಸ್ಟೈಪೆಂಡ್‌ನಿಂದ ಶುರುವಾಗುತ್ತದೆ. ಆತನ ಮಕ್ಕಳು ಎಂಜಿನಿಯರಾದರು, ಮೊಮ್ಮಕ್ಕಳು ಹೊರದೇಶದಲ್ಲಿದ್ದಾರೆ. ಸಾಫ್ಟ್‌ವೇರ್ ಬೆಂಗಳೂರಿನ ಕೆಳಗೆ ಈ ಲೇತಿನ ಬೆಂಗಳೂರು ಇದೆ ಎಂಬುದನ್ನು ನಮ್ಮ ಊರಿನ ಇತಿಹಾಸ ಬರೆಯುವವರು ಇನ್ನೂ ಸಾಕಷ್ಟು ಹೇಳಿಲ್ಲ.

ಮೈಕೊ ಕಂಪನಿ, ಅಂದರೆ ಇಂದಿನ ಬಾಶ್, ಆಡುಗೋಡಿಯಲ್ಲಿ 1961ರಲ್ಲಿ ತನ್ನ ವೃತ್ತಿ ತರಬೇತಿ ಕೇಂದ್ರವನ್ನು ತೆರೆಯಿತು. ದೇಶದ ಅಪ್ರೆಂಟಿಸ್ ಕಾಯ್ದೆ ಬಂದದ್ದೂ ಅದೇ ವರ್ಷ. ಅಲ್ಲಿಂದ ಹೊರಬಂದ ಹುಡುಗರು ಅಖಿಲ ಭಾರತ ಅಪ್ರೆಂಟಿಸ್ ಸ್ಪರ್ಧೆಗಳಲ್ಲಿ ಮತ್ತೆ ಮತ್ತೆ ಚಿನ್ನದ ಪದಕ ತಂದರು. ಆ ಕೇಂದ್ರದ ಬೇರು ಜರ್ಮನಿಯಲ್ಲಿದೆ, ಆದ್ದರಿಂದ ಜರ್ಮನಿಯ ಪದ್ಧತಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ. ನಾವು ಅಲ್ಲಿಂದ ಯಂತ್ರಗಳನ್ನೂ ಶಿಸ್ತನ್ನೂ ತಂದೆವು, ಅದರ ಅತಿ ಮುಖ್ಯವಾದ ಎರಡು ಏರ್ಪಾಡುಗಳನ್ನು ಮಾತ್ರ ಪೂರ್ತಿಯಾಗಿ ತರಲಿಲ್ಲ ಎಂಬುದು ನನ್ನ ಎಣಿಕೆ.

ಅಲ್ಲಿ ಶಾಲೆ ಮುಗಿಸಿದ ಹುಡುಗ ಅಥವಾ ಹುಡುಗಿ ಒಂದು ಕಂಪನಿಯೊಂದಿಗೆ ತರಬೇತಿ ಕರಾರಿಗೆ ಸಹಿ ಹಾಕುತ್ತಾರೆ. ವಾರದಲ್ಲಿ ಮೂರು ನಾಲ್ಕು ದಿನ ಕಂಪನಿ, ಒಂದೆರಡು ದಿನ ವೃತ್ತಿಶಾಲೆ. ಎರಡರಿಂದ ಮೂರೂವರೆ ವರ್ಷ ಹೀಗೆ ನಡೆಯುತ್ತದೆ, ಕಂಪನಿ ಸಂಬಳ ಕೊಡುತ್ತದೆ. ವೃತ್ತಿಶಾಲೆಯಲ್ಲಿ ಕಸುಬಿನ ಗಣಿತ, ವಿಜ್ಞಾನದ ಜೊತೆಗೆ ಜರ್ಮನ್ ಭಾಷೆ ಮತ್ತು ಸಮಾಜದ ಪಾಠವೂ ಇರುತ್ತದೆ. ಮ್ಯೂನಿಕ್ ನಗರದ ಶಾಲೆಗಳ ಮುಖ್ಯಸ್ಥರಾಗಿದ್ದ ಗೇಯೊರ್ಗ್ ಕೆರ್ಶೆನ್‌ಸ್ಟೈನರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದಕ್ಕಾಗಿ ಬಹಳ ದುಡಿದರು. ಕಸುಬು ಕಲಿಯುವವನು ನಾಗರಿಕನೂ ಆಗಬೇಕು ಎಂಬುದು ಅವರ ಹಟ. 1969ರಲ್ಲಿ ಈ ಪದ್ಧತಿಗೆ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬಂತು.

ನಾನು ಹೇಳಿದ ಎರಡು ಏರ್ಪಾಡುಗಳು ಈ ಕಾನೂನಿನ ವ್ಯವಸ್ಥೆಯೊಳಗಿವೆ. ಕಂಪನಿಯಲ್ಲಿ ತರಬೇತಿಯ ಹೊಣೆ ಹೊತ್ತ ಕೆಲಸಗಾರ ತನ್ನ ಕಸುಬಿನಲ್ಲಿ ಪಳಗಿದ್ದರೆ ಸಾಲದು, ಕಲಿಸುವ ವಿದ್ಯೆಯಲ್ಲೂ ಅವನು ಪರೀಕ್ಷೆ ಕೊಟ್ಟು ತೇರ್ಗಡೆಯಾಗಿರಬೇಕು. ಪಾಠವನ್ನು ಹಂತ ಹಂತವಾಗಿ ಹೇಗೆ ಕಟ್ಟಬೇಕು, ತಪ್ಪು ಮಾಡಿದ ಹುಡುಗನ ಜೊತೆ ಹೇಗೆ ಮಾತಾಡಬೇಕು ಎಂಬುದೂ ಅದರಲ್ಲಿ ಸೇರಿದೆ. ಇನ್ನೊಂದು, ಕೊನೆಯ ಪರೀಕ್ಷೆಯನ್ನು ತರಬೇತಿ ಕೊಟ್ಟ ಕಂಪನಿ ನಡೆಸುವುದಿಲ್ಲ. ವಾಣಿಜ್ಯ ಮತ್ತು ಕೈಗಾರಿಕಾ ಸಂಘ ನೇಮಿಸುವ ಪರೀಕ್ಷಾ ಮಂಡಳಿಯಲ್ಲಿ ಮಾಲೀಕರ ಪ್ರತಿನಿಧಿಗಳು ಎಷ್ಟಿರುತ್ತಾರೋ ಕಾರ್ಮಿಕರ ಪ್ರತಿನಿಧಿಗಳೂ ಅಷ್ಟೇ ಇರಬೇಕು, ವೃತ್ತಿಶಾಲೆಯ ಶಿಕ್ಷಕರೊಬ್ಬರಾದರೂ ಇರಬೇಕು. ಹಾಗೆ ಸಿಕ್ಕ ಪ್ರಮಾಣಪತ್ರ ಸ್ಟುಟ್‌ಗಾರ್ಟ್‌ನಲ್ಲಿ ಪಡೆದರೂ ಹ್ಯಾಂಬರ್ಗ್‌ನಲ್ಲಿ ನಡೆಯುತ್ತದೆ. ಕಂಪನಿ ಕಲಿಸಿದರೂ ಕಲಿತದ್ದು ಕಲಿತವರ ಸ್ವತ್ತಾಗಿ ಉಳಿಯುತ್ತದೆ.

ಇದು ಯಾಕೆ ಅಷ್ಟು ಮುಖ್ಯ ಎನ್ನುತ್ತೀರಾ? ಎಚ್‌ಎಂಟಿಯ ಗಡಿಯಾರಗಳನ್ನು ನೆನೆಯಿರಿ. ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕೈಗಡಿಯಾರದ ಕಾರ್ಖಾನೆ ದೇಶದ ಮಣಿಕಟ್ಟುಗಳನ್ನು ಆಳಿತು. ತುಮಕೂರಿಗೂ ವಿಸ್ತರಿಸಿತು. 2016ರಲ್ಲಿ ಕೇಂದ್ರ ಸರ್ಕಾರ ಅದನ್ನು ಮುಚ್ಚಲು ತೀರ್ಮಾನಿಸಿತು. ಐವತ್ತೈದು ವರ್ಷ, ಅಷ್ಟೇ ಅದರ ಆಯುಷ್ಯ. ಇಂದು ಹದಿನಾರರ ವಯಸ್ಸಿನಲ್ಲಿ ಐಟಿಐ ಸೇರುವ ಹುಡುಗಿ ಇನ್ನು ನಲವತ್ತು ವರ್ಷಕ್ಕೂ ಹೆಚ್ಚು ದುಡಿಯುತ್ತಾಳೆ. ಆ ಅವಧಿಯಲ್ಲಿ ಅವಳಿಗೆ ಕಲಿಸಿದ ಕಂಪನಿ ಸ್ಥಳ ಬದಲಿಸಬಹುದು, ಮಾರಾಟವಾಗಬಹುದು, ಇಲ್ಲವಾಗಬಹುದು. ಆಡುಗೋಡಿಯ ಕಾರ್ಖಾನೆಯ ಉತ್ಪಾದನೆಯೇ ಬಿಡದಿಗೆ ಹೋಯಿತು. ಒಂದೇ ಕಂಪನಿಯ ಒಂದೇ ಯಂತ್ರದ ಗುಂಡಿಗಳನ್ನು ಒತ್ತಲು ಕಲಿತವರಿಗೆ ಆ ಯಂತ್ರದ ಜೊತೆಗೇ ವೃದ್ಧಾಪ್ಯ ಬರುತ್ತದೆ. ಅಳತೆ, ಲೋಹ, ವಿದ್ಯುತ್ತು, ನಕ್ಷೆ ಓದುವುದು, ಲೆಕ್ಕ ಹಾಕುವುದು ಕಲಿತವರು ಗಡಿಯಾರದಿಂದ ವೈದ್ಯಕೀಯ ಉಪಕರಣಕ್ಕೆ, ಅಲ್ಲಿಂದ ಉಪಗ್ರಹದ ಬಿಡಿಭಾಗಕ್ಕೆ ದಾಟುತ್ತಾರೆ. ಆದ್ದರಿಂದ ಪಠ್ಯವನ್ನು ಉದ್ಯಮದ ಬೇಡಿಕೆಗೆ ತಕ್ಕಂತೆ ಬದಲಿಸಿ ಎಂಬ ಮಾತು ಬಂದಾಗ ಶಿಕ್ಷಕರು ಗಟ್ಟಿಯಾಗಿ ಕೇಳಬೇಕಾದ ಪ್ರಶ್ನೆ: ಯಾವ ವರ್ಷದ ಬೇಡಿಕೆ?

ನಮ್ಮಲ್ಲಿ ಚೆನ್ನಾಗಿ ನಡೆದಿರುವ ಒಂದೆರಡು ಪ್ರಯೋಗಗಳನ್ನು ನೋಡೋಣ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಎಲ್ಲರ ಬಾಯಲ್ಲಿ ಜಿಟಿಟಿಸಿ, ಈಗ ರಾಜ್ಯದಲ್ಲಿ ಮೂವತ್ತಕ್ಕೂ ಹೆಚ್ಚು ಕಡೆ ಇದೆ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮೂರು ವರ್ಷದ ಕಲಿಕೆ, ಅದರ ಮೇಲೆ ಒಂದು ವರ್ಷ ಕಡ್ಡಾಯವಾಗಿ ಕೈಗಾರಿಕೆಯಲ್ಲಿ ತರಬೇತಿ. ಅದರ ವೈಶಿಷ್ಟ್ಯ ಮತ್ತೊಂದಿದೆ. ಜಿಟಿಟಿಸಿ ತಾನೇ ಹೊರಗಿನ ಕಂಪನಿಗಳಿಗೆ ಅಚ್ಚು, ಡೈ, ಬಿಡಿಭಾಗ ಮಾಡಿಕೊಡುತ್ತದೆ. ತರಬೇತಿಯ ಹುಡುಗ ಮಾಡುವ ತುಂಡು ಎಲ್ಲೋ ಒಂದು ಕಡೆ ನಿಜವಾಗಿ ಬಳಕೆಯಾಗುತ್ತದೆ, ಅಳತೆ ತಪ್ಪಿದರೆ ಗಿರಾಕಿ ಹಿಂದಿರುಗಿಸುತ್ತಾನೆ. ಅಭ್ಯಾಸಕ್ಕಾಗಿ ಕೊರೆದು ಗುಜರಿಗೆ ಎಸೆಯುವ ತುಂಡಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಯ ಮುಖದಲ್ಲೇ ಕಾಣಬಹುದು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಅಂಜಿದ್ದ ಮಕ್ಕಳು ಇಲ್ಲಿ ಮೈಕ್ರಾನ್‌ಗಳ ಬಗ್ಗೆ ವಾದ ಮಾಡುತ್ತಾರೆ.

ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಂಪನಿ 2007ರಲ್ಲಿ ತೆರೆದ ತಾಂತ್ರಿಕ ತರಬೇತಿ ಸಂಸ್ಥೆ ಮತ್ತೊಂದು ಮಾದರಿ. ಹತ್ತನೆಯ ತರಗತಿ ಮುಗಿಸಿದ, ಬಡ ಹಾಗೂ ಗ್ರಾಮೀಣ ಕುಟುಂಬಗಳ ಮಕ್ಕಳನ್ನು ಆರಿಸಿ, ಮೂರು ವರ್ಷ ಅಲ್ಲೇ ಊಟ ವಸತಿ ಕೊಟ್ಟು, ವೆಲ್ಡಿಂಗ್, ಪೇಂಟಿಂಗ್, ಜೋಡಣೆ, ಮೆಕಾಟ್ರಾನಿಕ್ಸ್ ಕಲಿಸುತ್ತಾರೆ. ಆರಂಭದಲ್ಲಿ ವರ್ಷಕ್ಕೆ 64 ಮಕ್ಕಳು. ಆಮೇಲೆ ಸಂಖ್ಯೆ ಬೆಳೆಯಿತು, ಹುಡುಗಿಯರಿಗೂ ಬಾಗಿಲು ತೆರೆಯಿತು. ಕೈಚಳಕದಷ್ಟೇ ಮಹತ್ವವನ್ನು ದೇಹಕ್ಕೂ ಮನಸ್ಸಿಗೂ ಕೊಡುವುದನ್ನು ನಾನು ಮೆಚ್ಚುತ್ತೇನೆ. ಬೆಳಗಿನ ಓಟ, ಓರಣ, ತಪ್ಪು ಕಂಡಾಗ ಅದನ್ನು ಮುಚ್ಚಿಡದೆ ಹೇಳುವ ರೂಢಿ. ಕೊನೆಯದು ಅತಿ ದೊಡ್ಡ ಪಾಠ. ನಮ್ಮ ಶಾಲೆಗಳಲ್ಲಿ ತಪ್ಪು ಉತ್ತರಕ್ಕೆ ಕೆಂಪು ಗೆರೆ ಬೀಳುತ್ತದೆ, ಆದ್ದರಿಂದ ಮಗು ತಪ್ಪನ್ನು ಅಡಗಿಸಲು ಕಲಿಯುತ್ತದೆ. ಜೋಡಣೆಯ ಸಾಲಿನಲ್ಲಿ ಅಡಗಿಸಿದ ತಪ್ಪು ಮುಂದೆ ಯಾರದೋ ಪ್ರಾಣಕ್ಕೆ ಕುತ್ತು.

ಆದರೂ ಲೆಕ್ಕವನ್ನು ಮರೆಯಬಾರದು. ಕರ್ನಾಟಕದಲ್ಲಿ ವರ್ಷಕ್ಕೆ ಎಸ್ಸೆಸ್ಸೆಲ್ಸಿ ಬರೆಯುವವರು ಎಂಟು ಲಕ್ಷದ ಆಸುಪಾಸು. ಒಳ್ಳೆಯ ಕಂಪನಿಯ ಒಳ್ಳೆಯ ತರಬೇತಿ ಕೇಂದ್ರಗಳೆಲ್ಲ ಸೇರಿದರೂ ಆರಿಸಿಕೊಳ್ಳುವುದು ಅವರಲ್ಲಿ ಅತಿ ಸಣ್ಣ ಪಾಲನ್ನು. ಉಳಿದವರ ಶಾಲೆ ಎಂದರೆ ಸರ್ಕಾರಿ ಪ್ರೌಢಶಾಲೆ, ಸರ್ಕಾರಿ ಐಟಿಐ, ಊರಿನ ಪಾಲಿಟೆಕ್ನಿಕ್. ಸಹಯೋಗ ಅಲ್ಲಿಗೆ ತಲುಪಿದೆಯೆ ಎಂಬುದೇ ಪರೀಕ್ಷೆ.

ಅಲ್ಲಿಗೆ ವಸ್ತುಗಳು ತಲುಪಿವೆ. 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಮತ್ತು ಇತರ ಕಂಪನಿಗಳ ಜೊತೆಗೂಡಿ 4,600 ಕೋಟಿಗೂ ಹೆಚ್ಚು ವೆಚ್ಚದಲ್ಲಿ ಮೇಲ್ದರ್ಜೆಗೇರಿಸಿ, 2022ರ ಜೂನ್‌ನಲ್ಲಿ ಲೋಕಾರ್ಪಣೆ ಮಾಡಲಾಯಿತು. ಸಿಎನ್‌ಸಿ ಯಂತ್ರ, ರೋಬಾಟ್, ವಿದ್ಯುತ್ ವಾಹನದ ಘಟಕ ತಾಲ್ಲೂಕು ಕೇಂದ್ರಕ್ಕೂ ಬಂದವು. ಇದು ದೊಡ್ಡ ಕೆಲಸ, ಸಂದೇಹವಿಲ್ಲ. ಶಾಲೆಗಳಿಗೆ ಕೇಂದ್ರದ ಯೋಜನೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಬಂದವು, ಒಂದೊಂದಕ್ಕೂ 20 ಲಕ್ಷ ರೂಪಾಯಿ ಅನುದಾನ. 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ಕಾನೂನು ಜಾರಿಯಾದ ಮೇಲೆ ಸ್ಮಾರ್ಟ್ ಬೋರ್ಡ್, ಟ್ಯಾಬ್ಲೆಟ್, ವಿಜ್ಞಾನ ಕಿಟ್‌ಗಳೂ ಬಂದವು.

ಕೋಣೆಯ ಉದ್ಘಾಟನೆಯಾಗಿ ಎರಡು ವರ್ಷದ ನಂತರ ಅದೇ ಶಾಲೆಗೆ ಹೋಗಿ ನೋಡಿದವರಿಗೆ ಗೊತ್ತು. ಡ್ರಿಲ್ ಬಿಟ್ ಮುರಿದಿದೆ, ಹೊಸದು ಕೊಳ್ಳಲು ಯಾವ ಲೆಕ್ಕಶೀರ್ಷಿಕೆಯಲ್ಲಿ ಹಣ ಎಂದು ಮುಖ್ಯೋಪಾಧ್ಯಾಯರಿಗೆ ತಿಳಿದಿಲ್ಲ. 3ಡಿ ಪ್ರಿಂಟರ್ ಬಲ್ಲ ಶಿಕ್ಷಕಿಗೆ ವರ್ಗವಾಗಿದೆ. ಕಳುವಾದರೆ ಜವಾಬ್ದಾರಿ ತಮ್ಮ ಮೇಲೆ ಬರುತ್ತದೆಂದು ಬೀಗ ಬಿದ್ದಿದೆ. ಇಲ್ಲಿ ಶಿಕ್ಷಕರನ್ನು ದೂರುವುದು ಅನ್ಯಾಯ. ಬಿಸಿಯೂಟ, ಗಣತಿ, ದಾಖಲೆ, ಚುನಾವಣೆ ಎಲ್ಲವನ್ನೂ ಹೊತ್ತವರಿಗೆ ಯಂತ್ರವೊಂದನ್ನು ಕೊಟ್ಟು, ಅದರ ಪಕ್ಕದಲ್ಲಿ ಒಬ್ಬ ಮನುಷ್ಯನನ್ನು ಕೊಡದೆ ಹೋದವರು ನಾವು. ಎತ್ತು ಕೊಡದೆ ನೇಗಿಲನ್ನು ಮಾತ್ರ ಕೊಟ್ಟ ಹಾಗಾಯಿತು.

ಆ ಮನುಷ್ಯ ಸಿಕ್ಕ ಕಡೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಶಾಲೆಯ ಉದಾಹರಣೆ ಕೊಡುತ್ತೇನೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಬಡ ಕುಟುಂಬಗಳೇ ಹೆಚ್ಚಾಗಿದ್ದ ಕ್ರೌನ್ ಹೈಟ್ಸ್ ಬಡಾವಣೆಯಲ್ಲಿ, 2011ರಲ್ಲಿ ಪಿ-ಟೆಕ್ ಎಂಬ ಸರ್ಕಾರಿ ಶಾಲೆ ಆರಂಭವಾಯಿತು. ನಗರದ ಶಿಕ್ಷಣ ಇಲಾಖೆ, ನಗರದ ವಿಶ್ವವಿದ್ಯಾಲಯ ಮತ್ತು ಐಬಿಎಂ ಸೇರಿ ಕಟ್ಟಿದ್ದು. ಒಂಬತ್ತನೆಯ ತರಗತಿಯಿಂದ ಹದಿನಾಲ್ಕನೆಯದರವರೆಗೆ ಆರು ವರ್ಷ. ಪ್ರವೇಶಕ್ಕೆ ಪರೀಕ್ಷೆಯಿಲ್ಲ. ಕೊನೆಗೆ ಹೈಸ್ಕೂಲಿನ ಪ್ರಮಾಣಪತ್ರದ ಜೊತೆ ಎರಡು ವರ್ಷದ ಕಾಲೇಜು ಪದವಿ, ಅದೂ ಶುಲ್ಕವಿಲ್ಲದೆ. ಪ್ರತಿ ವಿದ್ಯಾರ್ಥಿಗೂ ಕಂಪನಿಯ ಒಬ್ಬ ಉದ್ಯೋಗಿ ಮಾರ್ಗದರ್ಶಿ. ಕೆಲವರು ಆರು ವರ್ಷದ ಓದನ್ನು ನಾಲ್ಕೇ ವರ್ಷದಲ್ಲಿ ಮುಗಿಸಿದರು. ಉಳಿದವರಿಗೆ ಆರು ವರ್ಷವೂ ಬೇಕಾಯಿತು, ಎಲ್ಲರೂ ಪದವಿ ತಲುಪಲಿಲ್ಲ. ಕಂಪನಿ ಕೊಟ್ಟ ಮಾತು ಏನು? ಪದವಿ ಮುಗಿಸಿದವರಿಗೆ ಸಂದರ್ಶನದ ಸಾಲಿನಲ್ಲಿ ಮೊದಲ ಸ್ಥಾನ. ಕೆಲಸದ ಖಾತರಿ ಕೊಡಲಿಲ್ಲ, ತನ್ನಲ್ಲೇ ದುಡಿಯಬೇಕೆಂಬ ಕಟ್ಟುಪಾಡನ್ನೂ ಹಾಕಲಿಲ್ಲ. ಪಡೆದ ಪದವಿ ವಿಶ್ವವಿದ್ಯಾಲಯದ್ದು, ಎಲ್ಲಿ ಬೇಕಾದರೂ ನಡೆಯುವಂಥದ್ದು. ಕಂಪನಿ ಕೊಟ್ಟ ಈ ಮಾತು ಅಳತೆಯಲ್ಲೂ ನೀತಿಯಲ್ಲೂ ಸರಿಯಾದದ್ದು ಎಂದು ನನಗೆ ತೋರುತ್ತದೆ.

ನಮ್ಮ ನೆಲಕ್ಕೆ ಅದನ್ನು ಹಾಗೇ ತರಲಾಗದು. ಅಲ್ಲಿ ಒಂದು ದೊಡ್ಡ ಕಂಪನಿ ಇತ್ತು. ನಮ್ಮಲ್ಲಿ ಕೆಲಸ ಕೊಡುವವರು ಬಹುಪಾಲು ಸಣ್ಣವರು. ಪೀಣ್ಯದಲ್ಲಿ ಎಂಟು ಹತ್ತು ಜನರ ವರ್ಕ್‌ಶಾಪ್‌ಗಳಿವೆ, ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳಿವೆ, ಹುಬ್ಬಳ್ಳಿಯಲ್ಲಿ, ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ, ಹರಿಹರದ ಸುತ್ತಮುತ್ತ ಬಿಡಿಭಾಗ ಮಾಡುವ ಶೆಡ್‌ಗಳಿವೆ. ಅಪ್ರೆಂಟಿಸ್‌ಗಳನ್ನು ಕಡ್ಡಾಯವಾಗಿ ತೆಗೆದುಕೊಳ್ಳಬೇಕಾದದ್ದು ಮೂವತ್ತು ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆ. ಹತ್ತು ಜನರ ಮಾಲೀಕ ತಾನೇ ಲೇತಿನ ಮುಂದೆ ನಿಂತಿರುತ್ತಾನೆ. ಅವನಿಗೆ ತರಬೇತಿ ಕೇಂದ್ರ ನಡೆಸಲಾಗದು. ಚೆನ್ನಾಗಿ ಕಲಿಸಿದ ಹುಡುಗನನ್ನು ಪಕ್ಕದ ಶೆಡ್ಡಿನವನು ಐನೂರು ರೂಪಾಯಿ ಹೆಚ್ಚು ಕೊಟ್ಟು ಕರೆದುಕೊಳ್ಳುತ್ತಾನೆಂಬ ಭಯವೂ ಇದೆ. ಈ ಭಯಕ್ಕೆ ಒಬ್ಬೊಬ್ಬರಾಗಿ ಮದ್ದಿಲ್ಲ. ಜರ್ಮನಿಯಲ್ಲಿ ಸಣ್ಣ ಕಸುಬುದಾರರು ಸೇರಿ ಸಾಮಾನ್ಯ ತರಬೇತಿ ಕೇಂದ್ರಗಳನ್ನು ನಡೆಸುತ್ತಾರೆ. ಮೂಲಪಾಠ ಅಲ್ಲಿ, ಉಳಿದದ್ದು ತಮ್ಮ ತಮ್ಮ ವರ್ಕ್‌ಶಾಪಿನಲ್ಲಿ. ಎಲ್ಲರೂ ಕಲಿಸಿದಾಗ ಯಾರೂ ಕಳೆದುಕೊಳ್ಳುವುದಿಲ್ಲ. ನಮ್ಮ ಕೈಗಾರಿಕಾ ವಸಾಹತುಗಳಲ್ಲಿ ಸಂಘಗಳಿವೆ, ಜಿಲ್ಲೆಗಳಲ್ಲಿ ಜಿಟಿಟಿಸಿ ಇದೆ, ಮೇಲ್ದರ್ಜೆಗೇರಿದ ಐಟಿಐಗಳಿವೆ. ಹತ್ತಿಪ್ಪತ್ತು ಶೆಡ್‌ಗಳು ಒಂದು ಐಟಿಐಯನ್ನು ತಮ್ಮದೆಂದು ಎತ್ತಿಕೊಂಡು, ಸರದಿಯ ಮೇಲೆ ತಮ್ಮ ಅನುಭವಿಗಳನ್ನು ಅಲ್ಲಿಗೆ ಕಳುಹಿಸಲು ಹೊಸ ಕಟ್ಟಡವೇನೂ ಬೇಕಿಲ್ಲ.

ಆ ಅನುಭವಿಗಳು ಯಾರು? ಐವತ್ತೆಂಟು ಅರವತ್ತಕ್ಕೆ ನಿವೃತ್ತರಾದ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ದೂರವಾಣಿ ಕಾರ್ಖಾನೆಗಳ ಟೂಲ್ ಮೇಕರ್‌ಗಳು ಬೆಂಗಳೂರಿನ ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಕಿವಿಯಿಂದಲೇ ಕಟರ್ ಮೊಂಡಾದದ್ದನ್ನು ಗುರುತಿಸುವವರು. ಬೆಳಗಿನ ವಾಕಿಂಗ್ ಆದ ಮೇಲೆ ಅವರ ವಿದ್ಯೆಯನ್ನು ಕೇಳುವವರಿಲ್ಲ. ಕನ್ನಡದಲ್ಲಿ ಕಸುಬು ಕಲಿಸಬಲ್ಲವರೂ ಅವರೇ. ಕನ್ನಡ ಮಾಧ್ಯಮದ ಹುಡುಗ ಡಿಪ್ಲೊಮಾ ಮೊದಲ ವರ್ಷದಲ್ಲಿ ಎಡವುವುದು ಯಂತ್ರದ ಮುಂದೆ ಅಲ್ಲ, ಇಂಗ್ಲಿಷ್ ಪುಸ್ತಕದ ಮುಂದೆ. ವರ್ಕ್‌ಶಾಪಿನಲ್ಲಿ ಆಡುವ ಕನ್ನಡ ಬೇರೆಯದು. ‘ಚಕ್ ಟೈಟ್ ಮಾಡು, ಜಾಬ್ ಓಡ್ತಿದೆ ನೋಡು, ಒಂದು ಕಟ್ ಕಮ್ಮಿ ತಗೋ’ ಎನ್ನುವ ಆ ಭಾಷೆಯಲ್ಲಿ ಎಲ್ಲವೂ ತಿಳಿಯುತ್ತದೆ. ಆ ಭಾಷೆಯಲ್ಲಿ ಅಳತೆಯ, ನಕ್ಷೆಯ, ಲೋಹದ ಒಂದು ಒಳ್ಳೆಯ ಕೈಪಿಡಿ ಬರಬೇಕು, ಒಬ್ಬ ಗಣಿತ ಶಿಕ್ಷಕರೂ ಒಬ್ಬ ಟೂಲ್ ಮೇಕರೂ ಜೊತೆಗೆ ಕೂತು ಬರೆದದ್ದು. ದತ್ತಿಯ ಹಣದಲ್ಲಿ ಅಚ್ಚಾಗಲು ಇದಕ್ಕಿಂತ ತಕ್ಕ ಪುಸ್ತಕ ನನಗೆ ಹೊಳೆಯುತ್ತಿಲ್ಲ.

ಹುಡುಗಿಯರ ವಿಷಯವನ್ನು ಹೇಳದೆ ಹೋಗಲಾರೆ. ಕೋಲಾರದ ನರಸಾಪುರದ ಮತ್ತು ದೇವನಹಳ್ಳಿಯ ಮೊಬೈಲ್ ಕಾರ್ಖಾನೆಗಳಲ್ಲಿ ಸಾವಿರಾರು ಯುವತಿಯರು ದುಡಿಯುತ್ತಿದ್ದಾರೆ. ಮನೆಯಿಂದ ಹೊರಬಂದು ಸ್ವಂತ ಸಂಬಳ ಪಡೆಯುವುದು ಸಣ್ಣದಲ್ಲ. ಆದರೆ ಅಲ್ಲಿ ಮೂರು ವರ್ಷ ದುಡಿದ ಹುಡುಗಿಯ ಕೈಯಲ್ಲಿ ಏನು ಉಳಿಯುತ್ತದೆ? ಸ್ಕ್ರೂ ಬಿಗಿಯುವ ವೇಗವೊಂದೇ ಆಗಬಾರದು. ಸಂಜೆಯ ಡಿಪ್ಲೊಮಾಗೆ ದಾರಿ, ಸಂಬಳದೊಂದಿಗೆ ವಾರಕ್ಕೊಂದು ಕಲಿಕೆಯ ದಿನ, ಪರೀಕ್ಷೆಗೆ ರಜೆ ಇವುಗಳನ್ನು ನೇಮಕಾತಿಯ ಪತ್ರದಲ್ಲೇ ಬರೆದುಕೊಡುವಂತೆ ಸರ್ಕಾರ ಕೇಳಬಹುದು. ಭೂಮಿ, ನೀರು, ರಿಯಾಯಿತಿ ಕೊಡುವ ಸರ್ಕಾರಕ್ಕೆ ಇಷ್ಟು ಕೇಳುವ ಹಕ್ಕಿದೆ. ಆ ಹಕ್ಕು ಚಲಾಯಿಸುವುದು ಭೂಮಿ ಕೊಡುವ ಮೊದಲು, ಕೊಟ್ಟ ಮೇಲೆ ಅಲ್ಲ.

ಶಾಲೆಯ ಕಡೆಯಿಂದ ಆರಂಭಕ್ಕೆ ಈಗಲೇ ಒಂದು ಬಾಗಿಲು ತೆರೆದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಹತ್ತು ದಿನ ಬ್ಯಾಗಿಲ್ಲದೆ ಊರಿನ ಬಡಗಿ, ಕುಂಬಾರ, ತೋಟಗಾರರಲ್ಲಿ ಕೆಲಸ ಕಲಿಯುವ ಅವಕಾಶವನ್ನು ಹೇಳಿತ್ತು. ಆ ನೀತಿಯ ಬಗ್ಗೆ ನಮ್ಮ ರಾಜ್ಯದಲ್ಲಿ ಭಿನ್ನಾಭಿಪ್ರಾಯಗಳಿವೆ. ಇರಲಿ. ಈ ಹತ್ತು ದಿನಗಳ ಆಲೋಚನೆಯನ್ನು ಯಾವ ನೀತಿಯ ಹೆಸರಿನಲ್ಲಾದರೂ ಉಳಿಸಿಕೊಳ್ಳಬೇಕು. ಅದನ್ನು ಪ್ರೌಢಶಾಲೆಗೂ ವಿಸ್ತರಿಸಿ, ಮಕ್ಕಳಿಗಿಂತ ಮುಂಚೆ ಶಿಕ್ಷಕರನ್ನು ಕಳುಹಿಸಬೇಕು. ಬೇಸಿಗೆ ರಜೆಯಲ್ಲಿ ಎರಡು ವಾರ, ಗಳಿಕೆ ರಜೆ ಸಹಿತ, ಗಣಿತ ಮತ್ತು ವಿಜ್ಞಾನ ಶಿಕ್ಷಕರು ಹತ್ತಿರದ ವರ್ಕ್‌ಶಾಪಿನಲ್ಲಿ, ವಿದ್ಯುತ್ ಉಪಕೇಂದ್ರದಲ್ಲಿ, ಡೇರಿಯಲ್ಲಿ, ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೂತು ತಮ್ಮ ಪಾಠ ಎಲ್ಲಿ ಬಳಕೆಯಾಗುತ್ತಿದೆ ಎಂದು ನೋಡಿ ಬರಲಿ. ಹಾಲಿನ ಕೊಬ್ಬಿನ ಪರೀಕ್ಷೆಯಲ್ಲಿ ಶೇಕಡಾವಾರು ಇದೆ, ಉಪಕೇಂದ್ರದಲ್ಲಿ ಓಮನ ನಿಯಮ ಇದೆ. ಎಲ್ಲ ಊರಿನಲ್ಲೂ ಪೀಣ್ಯ ಇಲ್ಲ. ಹಾಲಿನ ಡೇರಿ ಮಾತ್ರ ಎಲ್ಲ ಕಡೆ ಇದೆ.

ಇಲ್ಲಿ ಕುಳಿತಿರುವ ಕೈಗಾರಿಕೆಯ ಮಿತ್ರರಿಗೆ ನನ್ನ ವಿನಂತಿ ಇದು. ನಿಮ್ಮ ವಾರ್ಷಿಕ ವರದಿಯಲ್ಲಿ ಶಾಲೆಗಳಿಗೆ ಕೊಟ್ಟ ಹಣದ ಅಂಕಣ ಇರುತ್ತದೆ. ಅದರ ಪಕ್ಕದಲ್ಲಿ ಮತ್ತೊಂದು ಅಂಕಣ ತೆರೆಯಿರಿ: ನಮ್ಮ ನುರಿತ ಕೆಲಸಗಾರರು ಈ ವರ್ಷ ತರಗತಿಯಲ್ಲಿ ಕಳೆದ ಗಂಟೆಗಳು, ಕೆಲಸದ ವೇಳೆಯಲ್ಲಿ, ಸಂಬಳ ಕಡಿತವಿಲ್ಲದೆ. ಮೊದಲ ವರ್ಷ ಸಂಖ್ಯೆ ಚಿಕ್ಕದಿದ್ದರೆ ಪರವಾಗಿಲ್ಲ, ಬರೆಯಿರಿ. ಮುಖ್ಯೋಪಾಧ್ಯಾಯರಿಗೂ ಎಸ್‌ಡಿಎಂಸಿ ಸದಸ್ಯರಿಗೂ ಹೇಳುತ್ತೇನೆ. ಮುಂದಿನ ಬಾರಿ ಕಂಪನಿಯವರು ಬಂದು ಶಾಲೆಗೆ ಏನು ಬೇಕೆಂದು ಕೇಳಿದಾಗ, ಬೆಂಚು ಬೇಕೆಂದು ಹೇಳುವ ಮೊದಲು ತ್ರಿಕೋನಮಿತಿಯ ಪಾಠದ ವಾರ ಯಾವುದೆಂದು ತಿಳಿಸಿ, ಆ ವಾರಕ್ಕೆ ಅವರ ಒಬ್ಬ ಟೂಲ್ ಮೇಕರನ್ನು ಸೈನ್ ಬಾರ್ ಸಮೇತ ಕೇಳಿ.